ಕೇಳಿದಾಗ ಕೊಡತಕ್ಕದ್ದು

ಗೋಕುಲ ರಸ್ತೆಯ ವಾಲ್ವ್ ಕಾರ್ಖಾನೆ.
ಲೇಥುಗಳು ನಿಂತ ಮೇಲೆ
ಲೆಕ್ಕದ ಕೋಣೆಯಲ್ಲಿ ಫ್ಯಾನಿನದೊಂದೇ ಗೊಣಗು.
ಬೆಲ್ಜಿಯಂನವರು ಪಾಲು ಹಿಡಿದಾಗಿನಿಂದ
ನಮ್ಮ ವಹಿಗೂ ಪರದೇಶದ ವ್ಯಾಕರಣ.
ಸಾಲ ಎಂದು ಬರೆದರೆ ಸಾಲದು.

ಅವರದೇ ಒಂದು ಸಾಲವಿದೆ. ಅದರ ಬಡ್ಡಿ
ಹಿತ್ತಾಳೆಯ ದರ ಏರಿದರೆ ಏರುತ್ತದೆ,
ಮನಸ್ಸಾದರೆ ನಾಲ್ಕನೆಯ ವರ್ಷ ಷೇರಾಗುತ್ತದೆ.
ಕಡುಬಿನೊಳಗೆ ಹೂರಣ ಕೂತಂತೆ
ಒಪ್ಪಂದದೊಳಗೆ ಹುದುಗಿ ಕೂತ ಇನ್ನೊಂದು ಒಪ್ಪಂದ.
ಬಿಡಿಸಿ, ತೂಗಿ, ಬೇರೆ ಬೇರೆ ತಾಟಿಗೆ ಬಡಿಸಬೇಕು.
ಮೂರು ರಾತ್ರಿ ಹಿಡಿಯಿತು.
ಕಠಿಣವೆಂದರೆ ಇದೇ ಅಂದುಕೊಂಡಿದ್ದೆ.

ಆಮೇಲೆ ಬಂತು ಅಂಬೂಬಾಯಿಯ ಹತ್ತು ಲಕ್ಷ.

ಮಾಲಕರು ನಾಗೂಸಾ ಬಾಕಳೆ; ಇವರು ಅವರ ಅಕ್ಕ.
ಹಳೇ ಹುಬ್ಬಳ್ಳಿಯಲ್ಲಿ ಖಾನಾವಳಿ ಇಟ್ಟು
ನಲವತ್ತು ವರ್ಷ ಮಸಾಲಿ ಅರೆದವರು.
ಕಂಪನಿಯಲ್ಲಿ ಇಪ್ಪತ್ತು ಷೇರು ಉಂಟು, ಸಭೆಗೆ ಬಂದದ್ದಿಲ್ಲ.
ಬಡ್ಡಿ ಇಲ್ಲ, ಕಾಗದ ಇಲ್ಲ,
‘ಐದು ವರ್ಷಕ್ಕ’ ಅಂತ ಮಾಲಕರ ಬಾಯಿಮಾತು.

ಬಡ್ಡಿಯಿಲ್ಲದ ಸಾಲವನ್ನು ನಿಯಮ ನಂಬುವುದಿಲ್ಲ.
ಪೇಟೆಯಲ್ಲಿ ಈ ರೊಕ್ಕಕ್ಕೆ ಏನು ದರ, ಕೇಳುತ್ತದೆ.
ನೂರಕ್ಕೆ ಹತ್ತು ಎಂದೆ. ಐದು ಸಲ ಹಿಂದಕ್ಕೆ ಭಾಗಿಸಿದೆ.
ಇವತ್ತಿನ ಸಾಲ
ಆರು ಲಕ್ಷ ಇಪ್ಪತ್ತು ಸಾವಿರದ ಒಂಬೈನೂರಾ ಇಪ್ಪತ್ತೊಂದು.
ಉಳಿದ ಮೂರು ಲಕ್ಷ ಎಪ್ಪತ್ತೊಂಬತ್ತು ಸಾವಿರದ ಎಪ್ಪತ್ತೊಂಬತ್ತು
ಒಡೆತನದ ಸಾಲಿಗೆ: ಷೇರುದಾರರ ಕೊಡುಗೆ.
ಎರಡು ಎಪ್ಪತ್ತೊಂಬತ್ತು ಎದುರುಬದುರು ಕೂತದ್ದು ಕಂಡು
ಒಬ್ಬಳೇ ನಕ್ಕೆ.

ಮಾಲಕರು ನಗಲಿಲ್ಲ.
“ಅಕ್ಕ ಬಡ್ಡಿ ಕೇಳಿಲ್ಲ, ನೀ ಬಡ್ಡಿ ಬರದಿ.
ಕೊಡುಗಿ ಅಂದಿಲ್ಲ, ಕೊಡುಗಿ ಬರದಿ.
ಆಕಿ ಮುಂದ ನೀನ ಹೇಳು.”

ಸೋಮವಾರ ಸಹಿಗೆ ಬಂದರು.
ಬೆರಳ ಗೆಣ್ಣಿನ ಮೇಲೆ ಹೆಬ್ಬೆರಳು ಸರಿಸುತ್ತ ಅಂಕಿ ಓದಿ,
“ಉಳಿದದ್ದು ಎಲ್ಲಿ ಹೋತು, ತಂಗಿ?”

“ಎಲ್ಲೂ ಹೋಗಿಲ್ರಿ. ವರ್ಷಾ ವರ್ಷಾ ಸಾಲ ತಾನ ಬೆಳೀತದ,
ಐದನೇದಕ್ಕ ಬರೋಬ್ಬರಿ ಹತ್ತು ಆಗ್ತದ.
ನೀವು ರೊಕ್ಕ ಸಾಲ ಕೊಟ್ರಿ,
ಅದರ ಸಂಗಡ ಐದು ವರ್ಷದ ವ್ಯಾಳ್ಯಾನೂ ಕೊಟ್ರಿ.
ಕೊಡುಗಿ ಅಂದದ್ದು ಆ ವ್ಯಾಳ್ಯಾಕ್ಕ.”

ಹೆಬ್ಬೆರಳು ನಿಂತಿತು.
“ನನಗೀಗ ಎಪ್ಪತ್ತೊಂದು.
ನನ್ನ ಕಡೆ ಐತೋ ಇಲ್ಲೋ ಗೊತ್ತಿಲ್ಲದ್ದನ್ನ
ಕೊಟ್ಟಾಳ ಅಂತ ಹೆಂಗ ಬರೀತಿ?”

ಇಂಥ ಪ್ರಶ್ನೆಗೆ ಮಾನದಂಡದಲ್ಲಿ ಕಲಮಿಲ್ಲ.
ಇನ್ನೊಂದಕ್ಕಿದೆ: ಕೇಳಿದ ಕೂಡಲೇ ಕೊಡಬೇಕಾದ ಸಾಲವನ್ನು
ಮುಖಬೆಲೆಗಿಂತ ಒಂದು ರೂಪಾಯಿ ಇಳಿಸುವಂತಿಲ್ಲ.
ಬಾಯಿ ತಪ್ಪಿ ಅದನ್ನು ಹೇಳಿಬಿಟ್ಟೆ.

ಪೆನ್ನು ಇಸಕೊಂಡರು. ಕರಡಿನಲ್ಲಿ ‘ಐದು ವರ್ಷ’ ಹೊಡೆದು ಹಾಕಿ
ಮೇಲೆ ದಪ್ಪಕ್ಷರದಲ್ಲಿ ಬರೆದರು: ಕೇಳಿದಾಗ.
ತಮ್ಮನ ಮುಖ ಬಿಳಿಚಿತು.
“ಕೇಳೂದಿಲ್ಲೋ ಖೋಡಿ.
ಕೇಳಬಹುದು ಅಂತ ಇರಲಿ.”

ಆ ರಾತ್ರಿ ಕೊಡುಗೆಯನ್ನು ಅಳಿಸಿದೆ.
ಹತ್ತು ಲಕ್ಷ ದುಂಡಗೆ ಬಂದು
ವರ್ಷದೊಳಗಿನ ಬಾಕಿಗಳ ಸಾಲಿನಲ್ಲಿ ಕೂತಿತು,
ಮೇಲೆ ಕರೆಂಟಿನ ಬಿಲ್ಲು, ಕೆಳಗೆ ಹಿತ್ತಾಳೆಯವನ ಉದ್ರಿ.
ಅನುಪಾತ ಒಂದಕ್ಕಿಂತ ಕೆಳಗಿಳಿಯಿತು.

ಬೆಲ್ಜಿಯಂನಿಂದ ಮೇಲ್ ಬಂದಿದೆ:
ಈಕೆ ಈ ವರ್ಷ ಕೇಳುವ ಸಂಭವ ಎಷ್ಟು?
ಎರಡು ಸಲ ಟೈಪು ಮಾಡಿ ಅಳಿಸಿದ್ದೇನೆ.
ಹೊರಗೆ ಸೆಕ್ಯುರಿಟಿ ಮಲ್ಲನಗೌಡ
ಗೇಟಿಗೆ ಕೀಲಿ ಹಾಕಲೇ ಎಂದು
ಮೂರನೆಯ ಸಲ ಕೇಳುತ್ತಿದ್ದಾನೆ.